ಕೈ ಎತ್ತುವವರೆಗೂ ನಿಲ್ಲಿಸಬಾರದ ಹಾಡು

ಮದುವೆಗೆ ಬ್ಯಾಂಡ್ ಗೊತ್ತುಮಾಡಲು ಬರುವವರು ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಬರುತ್ತಾರೆ. ಇವನು ಸೈಕಲ್ಲಿನ ಕ್ಯಾರಿಯರಿಗೆ ರೆಕಾರ್ಡ್ ಪ್ಲೇಯರ್ ಕಟ್ಟಿಕೊಂಡು ಬಂದ. ವೀಳ್ಯ ಎಲ್ಲಪ್ಪಾ ಎಂದು ಕೇಳಿದೆ.

"ಅದು ಅಪ್ಪನ ಕೆಲಸ ಮೇಷ್ಟ್ರೇ. ಹೆಣ್ಣಿನ ಮನೇಲಿ ಚಪ್ಪರ ಹಾಕಿದ ಮಾರನೇ ದಿನ ತರ್ತಾರೆ. ನಾನು ಹಾಡು ತಂದಿದೀನಿ" ಅಂದ.

ಅರವತ್ತರ ದಶಕದ ನಡುವಿನ ಮಾತಿದು. ಜಯನಗರದ ಪೂರ್ವದ ಅಂಚು ಆಗಿನ್ನೂ ಅರ್ಧ ಹೊಲ, ಅರ್ಧ ಸೈಟು. ಕನಕನಪಾಳ್ಯದ ಒಂದು ಶೀಟಿನ ಶೆಡ್ಡಿನಲ್ಲಿ ನಮ್ಮ ಬ್ಯಾಂಡ್‌ಸೆಟ್ಟಿನ ಅಭ್ಯಾಸ ನಡೆಯುತ್ತಿತ್ತು. ನಾನು ಕ್ಲಾರಿನೆಟ್ ನುಡಿಸುತ್ತಿದ್ದೆ, ಸೆಟ್ಟಿಗೆ ಮೇಷ್ಟ್ರೂ ನಾನೇ. ಸೈಡ್ ಡ್ರಮ್ ಬಾರಿಸುವವನು ನನ್ನ ಓರಗೆಯವನು, ಒರಟು ಬಾಯಿಯವನು. ಉಳಿದವರು ಟ್ರಂಪೆಟ್ಟು, ಯೂಫೋನಿಯಂ, ದೊಡ್ಡ ಡೋಲು. ಮದುವೆ, ಸೀಮಂತ, ಗೃಹಪ್ರವೇಶಕ್ಕೆ ಹೋಗುತ್ತಿದ್ದೆವು. ಸಾವಿಗೆ ಹೋಗುತ್ತಿರಲಿಲ್ಲ, ಅದಕ್ಕೆ ತಮಟೆಯವರಿದ್ದರು. ಸಾವಿಗೆ ಊದಿದ ಬ್ಯಾಂಡನ್ನು ಲಗ್ನದ ಕಾಲದಲ್ಲಿ ಯಾರೂ ಬಾಗಿಲಿಗೆ ಸೇರಿಸುತ್ತಿರಲಿಲ್ಲ.

ಹುಡುಗ ಸಿದ್ದಾಪುರದವನು. ಸೊಪ್ಪು, ಹೂವು ಬೆಳೆದು ಮಾರ್ಕೆಟ್ಟಿಗೆ ಹಾಕುತ್ತಿದ್ದ ಮನೆತನ. ಹೊಲವೆಲ್ಲ ಬಡಾವಣೆಗೆ ಹೋಗಿ ತಾವರೆಕೆರೆ ಕಡೆ ಒಂದು ತುಂಡು ಮಾತ್ರ ಉಳಿದಿತ್ತು. ಇವನು ಹೊಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಮದುವೆ ಗೊತ್ತಾಗಿದ್ದು ಭೈರಸಂದ್ರದ ಸೋದರತ್ತೆಯ ಮಗಳ ಜೊತೆ.

"ದಿಬ್ಬಣ ಸಿದ್ದಾಪುರದಿಂದ ಹೊರಟು ಭೈರಸಂದ್ರಕ್ಕೆ ಹೋಗುತ್ತೆ. ದಾರಿ ಉದ್ದಕ್ಕೂ ನಿಮಗೆ ತೋಚಿದ್ದು ನುಡಿಸಿ. ಅವರ ಮನೆ ಚಪ್ಪರದ ಮುಂದೆ ಮಾತ್ರ ಈ ಹಾಡು" ಅಂದ.

ಪುಟ್ಟ ರೆಕಾರ್ಡು, ನಡುವೆ ದೊಡ್ಡ ತೂತು. ದಕ್ಷಿಣ ಅಮೆರಿಕದ ಕಡೆಯ ಹುಡುಗರ ಗಿಟಾರ್ ಬ್ಯಾಂಡಂತೆ, ಸ್ಪ್ಯಾನಿಷ್ ಭಾಷೆಯಂತೆ. ಆ ವರ್ಷ ದಂಡು ಪ್ರದೇಶದ ಹೋಟೆಲುಗಳಲ್ಲಿ ಹೋದಲ್ಲೆಲ್ಲ ಅದೇ ಹಾಡು ಕೇಳಿಸುತ್ತಿತ್ತು. ಅರ್ಥ ಏನಯ್ಯಾ ಅಂದೆ.

"ಅರ್ಥ ಗೊತ್ತಿಲ್ಲ ಮೇಷ್ಟ್ರೇ. ಪ್ರೀತಿ ಹಾಡು ಅನ್ನೋದು ಗೊತ್ತು. ಕೇಳಿದ್ರೆ ನಿಮಗೂ ಗೊತ್ತಾಗುತ್ತೆ."

ಸೂಜಿ ಇಟ್ಟ. ಒಬ್ಬ ಹುಡುಗ ಗಂಟಲು ಬಿಗಿಹಿಡಿದು ಏನನ್ನೋ ಬೇಡಿಕೊಳ್ಳುತ್ತಿದ್ದ. ಹಿಂದೆ ಗಿಟಾರು, ಅದರ ಹಿಂದೆ ಚರ್ ಚರ್ ಎನ್ನುವ ಗಿಲಕಿ. ನನಗೆ ಅದು ತಟ್ಟಿತು. ಆದರೆ ಮೇಷ್ಟ್ರಾದವನು ಮೊದಲ ಸಲಕ್ಕೇ ಕರಗಿದರೆ ಮರ್ಯಾದೆ ಉಳಿಯುವುದಿಲ್ಲ. "ನೋಡೋಣ" ಅಂದೆ.

ನಮಗೆ ಇಂಗ್ಲಿಷ್ ನೋಟೇಶನ್ ಬರುತ್ತಿರಲಿಲ್ಲ. ಕೇಳಿ ಸರಿಗಮದಲ್ಲಿ ಸ್ವರ ಹಾಕಿಕೊಳ್ಳುವುದು ನಮ್ಮ ಪದ್ಧತಿ. ಒಂದು ಸಾಲು ಕೇಳುವುದು, ಸೂಜಿ ಎತ್ತುವುದು, ಊದಿ ನೋಡುವುದು, ಮತ್ತೆ ಅದೇ ಸಾಲು. ಸೂಜಿಯನ್ನು ಅದೇ ಗೆರೆಯ ಮೇಲೆ ಇಳಿಸುವುದು ಅವನಿಂದ ಮಾತ್ರ ಆಗುತ್ತಿತ್ತು. ನಾವು ಇಟ್ಟರೆ ಜಾರಿ ಇನ್ನೆಲ್ಲೋ ಹೋಗುತ್ತಿತ್ತು. ಅವನು ಮೊದಲ ಪಾಳಿ ಮುಗಿಸಿ ಸಂಜೆ ಬರುವವನು, ಹಾಗಾಗಿ ಹಾಡು ಕಲಿತದ್ದೆಲ್ಲ ಸಂಜೆಯಲ್ಲೇ.

ಅದರಲ್ಲೇ ಎಡವಟ್ಟಾಯಿತು. ಒಂದು ಭಾನುವಾರ ಬೆಳಿಗ್ಗೆ ಅವನು ಬಂದು ರೆಕಾರ್ಡ್ ಹಾಕಿದ, ನಾವು ಜೊತೆಗೆ ನುಡಿಸಿದೆವು. ಕಿವಿ ಮುಚ್ಚಿಕೊಳ್ಳುವ ಹಾಗಿತ್ತು. ಹಾಡು ಅರ್ಧ ಸ್ವರ ಮೇಲೆ ಓಡುತ್ತಿದೆ, ನಾವು ಕೆಳಗೆ ತೆವಳುತ್ತಿದ್ದೇವೆ. ತಪ್ಪು ನನ್ನ ಕ್ಲಾರಿನೆಟ್ಟಿನದು ಅಂದುಕೊಂಡು ರೀಡ್ ಬದಲಾಯಿಸಿದೆ, ಬಾಯಿಯ ತುಂಡನ್ನು ಎಳೆದೆ, ಒತ್ತಿದೆ. ಟ್ರಂಪೆಟ್ಟಿನವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವನದೇನೂ ತಪ್ಪಿರಲಿಲ್ಲ.

ಕೊನೆಗೆ ಕಂಡುಹಿಡಿದವನು ಹುಡುಗನೇ. ಹೊಸ ಬಡಾವಣೆಯವರೆಲ್ಲ ಸಂಜೆ ದೀಪ ಹಾಕಿದ ಕೂಡಲೇ ನಮ್ಮ ಶೆಡ್ಡಿನ ಬಲ್ಬು ಕೆಂಪಗಾಗುತ್ತಿತ್ತು. ವೋಲ್ಟೇಜು ಇಳಿದರೆ ಅವನ ಅಗ್ಗದ ಪ್ಲೇಯರಿನ ಮೋಟಾರು ನಿಧಾನ. ಮೋಟಾರು ನಿಧಾನವಾದರೆ ಹಾಡೂ ತಗ್ಗುತ್ತದೆ, ಎಳೆಯುತ್ತದೆ. ನಾವು ಕಲಿತದ್ದು ಆ ಬ್ಯಾಂಡಿನವರು ಹಾಡಿದ ಹಾಡನ್ನಲ್ಲ, ಕರೆಂಟು ಸೊರಗಿದ ನಮ್ಮ ಸಂಜೆಯ ಹಾಡನ್ನು.

"ಇದು ಸಾವಿನ ಮನೆ ಹಾಡಿನ ಥರ ಇದೆ ಮೇಷ್ಟ್ರೇ, ಸ್ವಲ್ಪ ಜೀವ ತುಂಬಿ" ಅಂದ ಹುಡುಗ ನಗುತ್ತ. ಮೊದಲಿನಿಂದ ಸ್ವರ ಹಾಕಿದೆವು. ಬೆರಳುಗಳಿಗೆ ಕೂತ ಪಾಠವನ್ನು ಬಿಡಿಸುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ, ಒಂದೆರಡು ಕಡೆ ಬೆರಳು ತಾನಾಗಿಯೇ ಹಳೆಯ ಜಾಗಕ್ಕೆ ಹೋಗುತ್ತಿತ್ತು.

ಆಮೇಲೆ ತಾಳದ ರಗಳೆ. ನಮ್ಮ ಬ್ಯಾಂಡಿನ ತಾಳವೆಂದರೆ ಎಡಗಾಲು, ಬಲಗಾಲು. ಈ ಹಾಡಿನ ಪೆಟ್ಟು ಕಾಲು ನೆಲಕ್ಕೆ ತಗಲುವಾಗ ಬೀಳದೆ, ಕಾಲು ಗಾಳಿಯಲ್ಲಿರುವಾಗ ಬೀಳುತ್ತಿತ್ತು. ನುಡಿಸುತ್ತ ನಡೆದರೆ ಒಬ್ಬರ ಮೇಲೊಬ್ಬರು ಎಡವುತ್ತಿದ್ದೆವು. ಶೆಡ್ಡಿನಿಂದ ಬೀದಿಯ ನಲ್ಲಿಯವರೆಗೆ ನಡೆದು ನೋಡಿದೆವು, ನೀರು ಹಿಡಿಯುತ್ತಿದ್ದ ಹೆಂಗಸರು ಕೊಡ ಇಟ್ಟು ನಕ್ಕರು. ಡ್ರಮ್ಮಿನವನು ಕಡ್ಡಿ ಎಸೆದ.

"ಇದು ನಡೆಯೋ ಹಾಡಲ್ಲ ಗುರು. ನಿಂತ್ಕೊಂಡು ನುಡಿಸೋದು. ನಡೀಬೇಕು ಅಂದ್ರೆ ನನ್ನನ್ನ ಬಿಟ್ಬಿಡು."

ಹಾಗಾಗಿ ನಿಂತೇ ನುಡಿಸುವುದು ಎಂದು ತೀರ್ಮಾನವಾಯಿತು. ಹೇಗಿದ್ದರೂ ಚಪ್ಪರದ ಮುಂದೆ ನಿಂತೇ ಇರುತ್ತೇವಲ್ಲ. ಗಿಟಾರಿನ ಭಾಗವನ್ನು ಯೂಫೋನಿಯಂಗೆ ಕೊಟ್ಟೆ. ಗಿಲಕಿಗೆ ಹುಡುಗ ಕಾರ್ಖಾನೆಯಲ್ಲೇ ಒಂದು ತಗಡಿನ ಡಬ್ಬಿಗೆ ಹಿಡಿ ಬೆಸೆದು ತಂದ. ಮೊದಲು ಬೇರಿಂಗ್ ಗುಂಡು ತುಂಬಿದ್ದ, ಕಿವಿ ಕಿತ್ತುಹೋಗುವ ಸದ್ದು. ಅದನ್ನು ಸುರಿದು ರಾಗಿ ತುಂಬಿದ ಮೇಲೆ ಹದಕ್ಕೆ ಬಂತು. ಅಭ್ಯಾಸದಲ್ಲಿ ಅದನ್ನು ಆಡಿಸುತ್ತಿದ್ದವನೂ ಅವನೇ. ತಾಳ ನಮಗಿಂತ ಅವನಿಗೆ ಚೆನ್ನಾಗಿ ಕೂತಿತ್ತು.

ಉಳಿದದ್ದು ಒಂದೇ ತೊಡಕು. ಆ ಹಾಡಿಗೆ ಮುಗಿತಾಯವಿರಲಿಲ್ಲ. ರೆಕಾರ್ಡಿನಲ್ಲಿ ಕೊನೆಯ ಸಾಲನ್ನೇ ಮತ್ತೆ ಮತ್ತೆ ಹಾಡುತ್ತ ಹಾಡುತ್ತ ದನಿ ಸಣ್ಣದಾಗಿ ಕರಗಿಹೋಗುತ್ತದೆ. ಯಂತ್ರದಲ್ಲಿ ಗುಂಡಿ ತಿರುಗಿಸಿ ಕರಗಿಸಬಹುದು, ಬೀದಿಯಲ್ಲಿ ಹಿತ್ತಾಳೆ ವಾದ್ಯ ಊದುವವರು ಏನು ಮಾಡಬೇಕು? ನಾನೇ ಒಂದು ಮುಕ್ತಾಯ ಕಟ್ಟಿ ತೋರಿಸಿದೆ. ಹುಡುಗ ಒಪ್ಪಲಿಲ್ಲ.

"ಅದು ಬೇಡ ಮೇಷ್ಟ್ರೇ. ಕೊನೇ ಸಾಲು ನುಡಿಸ್ತಾನೇ ಇರಿ. ಅವಳು ಬಾಗಿಲಿಗೆ ಬಂದ ಮೇಲೆ ನಾನು ಕೈ ಎತ್ತುತೀನಿ. ಆಗ ನಿಲ್ಲಿಸಿ."

ನಮ್ಮ ಸೆಟ್ಟಿನಲ್ಲಿ ಹಾಗೊಂದು ರೂಢಿ ಇದ್ದೇ ಇತ್ತು. ಯಾರು ಕೇಳಿ ನುಡಿಸಿದರೋ ಅವರೇ ಕೈ ಎತ್ತಿ ಸಾಕು ಅನ್ನಬೇಕು, ಅಲ್ಲಿಯವರೆಗೆ ನಾವು ನಿಲ್ಲಿಸುತ್ತಿರಲಿಲ್ಲ. ಡ್ರಮ್ಮಿನವನು ಬಿಡಲಿಲ್ಲ.

"ಹುಡುಗೀನ ನೋಡ್ತಾ ನೀನು ಮೈಮರೆತುಬಿಟ್ರೆ? ನಾವು ಊದ್ತಾನೇ ಸಾಯ್ಬೇಕಾ?"

ಹುಡುಗನ ಕಿವಿ ಕೆಂಪಗಾಯಿತು. "ಅವಳಿಗೂ ಹೇಳಿಡ್ತೀನಿ ಬಿಡಿ ಅಣ್ಣ" ಅಂದ.

ಭೈರಸಂದ್ರದಲ್ಲಿ ಚಪ್ಪರ ಏರಿತು. ಆ ವಾರ ಹುಡುಗನಿಗೆ ಎರಡನೇ ಪಾಳಿ. ಮಾರನೆಯ ಬೆಳಿಗ್ಗೆ ನಾವು ಶೆಡ್ಡಿನಲ್ಲಿ ಸೇರಿ, ಮದುವೆಗೆಂದು ಕೆಂಪು ಕೋಟುಗಳ ಗುಂಡಿ ಹೊಲಿಯುತ್ತ ಅವನ ಅಪ್ಪ ವೀಳ್ಯ ತರುವುದನ್ನು ಕಾಯುತ್ತಿದ್ದೆವು. ಡ್ರಮ್ಮಿನವನು ತಡವಾಗಿ ಬಂದ. ಬಂದವನು ಗೋಡೆಗೆ ಒರಗಿ ಕೂತುಬಿಟ್ಟ.

"ಹುಡುಗ ಹೋಗ್ಬಿಟ್ಟ" ಅಂದ. "ನಿನ್ನೆ ರಾತ್ರಿ ಪಾಳಿ ಮುಗಿಸಿ ಬರ್ತಿದ್ನಂತೆ. ಹೊಸೂರು ರಸ್ತೇಲಿ ಲಾರಿ."

ನನ್ನ ಕೈಯಲ್ಲಿ ಸೂಜಿದಾರವಿತ್ತು. ಅರ್ಧ ಹೊಲಿದ ಗುಂಡಿಯನ್ನು ಪೂರ್ತಿ ಹೊಲಿದೆ, ದಾರ ಕಡಿದೆ, ಕೋಟು ಮಡಿಸಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ರಾಗಿಯ ಡಬ್ಬಿ ಮೂಲೆಯ ಸ್ಟೂಲಿನ ಮೇಲೆ ಅವನು ಇಟ್ಟ ಹಾಗೇ ಇತ್ತು. ಅದನ್ನು ನೋಡಿದ ಮೇಲೆ ಅಳು ಬಂತು.

ಹೊತ್ತು ಸ್ವಲ್ಪ ಏರಿದ ಮೇಲೆ ಅವನ ಅಪ್ಪ ಬಂದರು. ಸೊಪ್ಪಿನ ಹೊರೆ ಹೊತ್ತು ಹೊತ್ತು ಭುಜ ಒಂದು ಕಡೆ ವಾಲಿದ್ದ ಮನುಷ್ಯ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ. ನಾವೆಲ್ಲ ಎದ್ದು ನಿಂತೆವು.

"ವೀಳ್ಯ ತರೋದು ಅಪ್ಪನ ಕೆಲಸ ಅಂದಿದ್ನಂತೆ. ತಂದಿದೀನಿ" ಅಂದರು.

ಡ್ರಮ್ಮಿನವನು ಚಾಪೆ ಹಾಸಿದ, ಅವರು ಕೂರಲಿಲ್ಲ.

"ಮದ್ವೆ ಆಗದೆ ಹೋದವನು. ಎಕ್ಕದ ಗಿಡದ ಜೊತೆ ಮದ್ವೆ ಶಾಸ್ತ್ರ ಮಾಡಿ, ಬಾಸಿಂಗ ಕಟ್ಟಿ ಕಳಿಸ್ತೀವಿ. ತಾವರೆಕೆರೆ ಹೊಲದಲ್ಲಿ ನಮ್ಮಪ್ಪ ಅಮ್ಮನ ಪಕ್ಕದಲ್ಲೇ ಮಣ್ಣು. ಅಲ್ಲಿಗೆ ಹೋಗೋಕೆ ಭೈರಸಂದ್ರದ ಮೇಲೇ ದಾರಿ. ನನ್ನ ತಂಗಿ ಮನೆ ಮುಂದೆ ಅವನು ಅಂದ್ಕೊಂಡಿದ್ದ ಹಾಡು ಒಂದ್ಸಲ ನುಡಿಸ್ಬಿಡಿ ಮೇಷ್ಟ್ರೇ. ಇನ್ನೇನೂ ಕೇಳಲ್ಲ."

ತಟ್ಟೆ ನನ್ನ ಮುಂದೆಯೇ ಇತ್ತು. ಟ್ರಂಪೆಟ್ಟಿನವನು ಹಿಂದಿನಿಂದ ನನ್ನ ಅಂಗಿ ಎಳೆದು, "ಮೇಷ್ಟ್ರೇ, ಲಗ್ನದ ಕಾಲ. ಇದಕ್ಕೆ ಹೋದ್ರೆ ಈ ವರ್ಷ ನಮ್ಮನ್ನ ಯಾರೂ ಕರೆಯಲ್ಲ" ಎಂದು ಪಿಸುಗುಟ್ಟಿದ. ಅವನು ಹೇಳಿದ್ದು ನಿಜ, ಆಮೇಲೆ ಹಾಗೇ ಆಯಿತು ಕೂಡ. ಡ್ರಮ್ಮಿನವನು ಅವನ ಕಡೆ ತಿರುಗಿ, "ನೀನು ಬರ್ಬೇಡ. ನಾವು ಹೋಗ್ತೀವಿ" ಅಂದ. ನಾನು ವೀಳ್ಯ ತೆಗೆದುಕೊಂಡೆ. ಕೊನೆಗೆ ಟ್ರಂಪೆಟ್ಟಿನವನೂ ಬಂದ.

ಕೆಂಪು ಕೋಟು ಬಿಟ್ಟು ಬಿಳಿ ಅಂಗಿಯಲ್ಲಿ ಹೋದೆವು. ಸದ್ದು ತಗ್ಗಲೆಂದು ಡ್ರಮ್ಮಿನ ಮೇಲೆ ಒಂದು ಟವೆಲ್ ಕಟ್ಟಿದೆವು. ಬಾಸಿಂಗ ಕಟ್ಟಿದ ಆ ಮುಖವನ್ನು ನಾನು ಒಂದೇ ಸಲ ನೋಡಿದೆ. ನೋಡಬಾರದಿತ್ತು ಅನ್ನಿಸಿತು. ದಾರಿಯುದ್ದಕ್ಕೂ ತಮಟೆಯವರು ಮುಂದೆ ಬಾರಿಸುತ್ತ ಹೋದರು, ನಾವು ವಾದ್ಯ ಹಿಡಿದು ಹಿಂದೆ ಸುಮ್ಮನೆ ನಡೆದೆವು. ಅರ್ಧ ಎದ್ದ ಗೋಡೆಗಳ ಮೇಲೆ ಕೆಲಸದವರು ಕರಣೆ ಹಿಡಿದುಕೊಂಡೇ ನಿಂತು ನೋಡುತ್ತಿದ್ದರು.

ಭೈರಸಂದ್ರ ಇನ್ನೇನು ಬಂತು ಅನ್ನುವಾಗ ಹುಡುಗಿಯ ಅಪ್ಪ ಎದುರಿಗೆ ಬಂದರು. ನನ್ನನ್ನು ಹೊಂಗೆ ಮರದ ಮರೆಗೆ ಕರೆದುಕೊಂಡು ಹೋಗಿ ಕೈ ಮುಗಿದರು.

"ನಮ್ಮ ಮನೆ ದಾಟೋವರೆಗೂ ಯಾವ ವಾದ್ಯಾನೂ ಬೇಡ ಮೇಷ್ಟ್ರೇ. ಚಪ್ಪರ ಇನ್ನೂ ಬಿಚ್ಚಿಲ್ಲ, ಗರಿ ಹಸಿರಾಗೇ ಇದೆ. ಚಪ್ಪರದ ಮುಂದೆ ಸಾವಿನ ಸದ್ದು ಮಾಡಬಾರದು. ಹುಡುಗಿ ಕಾಲ್ಗುಣ ಅಂತ ಬೆಳಗಿಂದ ಊರೆಲ್ಲ ಮಾತಾಡ್ತಿದೆ. ಇನ್ನು ಅವಳ ಹೆಸರಲ್ಲಿ ಬ್ಯಾಂಡೂ ಊದಿಬಿಟ್ರೆ ಮುಗೀತು. ಅವಳಿಗೆ ಇನ್ನೊಂದು ಗಂಡು ಎಲ್ಲಿಂದ ತರ್ಲಿ ನಾನು?"

"ನಿಮ್ಮ ಭಾವನಿಗೇ ಹೇಳಿ."

"ಅವರ ಮುಖ ನೋಡ್ಕೊಂಡು ಹೇಳೋಕಾಗಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ."

ಅವರ ಮೇಲೆ ನನಗೆ ಕೋಪ ಬರಲಿಲ್ಲ. ಒಬ್ಬ ಅಪ್ಪ ಸತ್ತ ಮಗನಿಗಾಗಿ ಕೇಳುತ್ತಿದ್ದಾನೆ, ಇನ್ನೊಬ್ಬ ಅಪ್ಪ ಬದುಕಿರುವ ಮಗಳಿಗಾಗಿ ಕೇಳುತ್ತಿದ್ದಾನೆ. ಬದುಕಿರುವವರ ಕಡೆ ನಿಲ್ಲಬೇಕು ಎಂದು ನನ್ನ ಬುದ್ಧಿ ಹೇಳುತ್ತಿತ್ತು. ಆದರೆ ಆ ವೀಳ್ಯ ನನ್ನ ಜೇಬಿನಲ್ಲಿತ್ತು. ತಲೆ ಕೆಟ್ಟುಹೋಯಿತು.

"ಹುಡುಗಿ ಏನಂತಾಳೆ?" ಎಂದು ಕೇಳಿದೆ.

ಅವರು ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. "ಅವಳನ್ನ ಏನು ಕೇಳೋದು?"

ಆಗ ಬಂತು ಕೋಪ. ಅವರೊಬ್ಬರ ಮೇಲಲ್ಲ, ನನ್ನನ್ನೂ ಸೇರಿಸಿ ಅಲ್ಲಿದ್ದ ಎಲ್ಲ ಗಂಡಸರ ಮೇಲೆ.

ನಡುದಾರಿಯಲ್ಲಿ ಚಟ್ಟ ಕೆಳಗಿಳಿಸಿ, ತಲೆ ಕಾಲಿನ ದಿಕ್ಕು ಬದಲಿಸುವ ಶಾಸ್ತ್ರವೊಂದಿದೆ. ಊರಿನ ಅಂಚಿನಲ್ಲಿ ಅದಕ್ಕಾಗಿ ನಿಲ್ಲಿಸಿದರು. ಡ್ರಮ್ಮಿನವನಿಗೆ "ಇಲ್ಲೇ ಇರು" ಎಂದು ಹೇಳಿ ನಾನು ಆ ಮನೆಯ ಕಡೆ ನಡೆದೆ. ಹುಡುಗಿಯ ಅಪ್ಪ ಹಿಂದೆಯೇ ಬಂದರು. ತಡೆಯಲಿಲ್ಲ, ಬೈಯಲೂ ಇಲ್ಲ.

ತೆಂಗಿನ ಗರಿಯ ಚಪ್ಪರ, ಕಂಬಕ್ಕೆ ಮಾವಿನ ಸೊಪ್ಪು. ಹುಡುಗಿಯ ತಾಯಿ ಸಿದ್ದಾಪುರದ ಅಣ್ಣನ ಮನೆಯಲ್ಲಿ ಅಳುತ್ತಿದ್ದಳು. ಚಪ್ಪರ ಹಾಕಿದ ಮನೆಯ ಮದುವಣಗಿತ್ತಿ ಸಾವಿನ ಮನೆಗೆ ಹೋಗಬಾರದೆಂದು ಹುಡುಗಿಯನ್ನು ಒಬ್ಬಳನ್ನೇ ಬಿಟ್ಟಿದ್ದರು. ಅವಳು ಹೊಸಿಲ ಒಳಗೆ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಣ್ಣು ಊದಿತ್ತು, ಆದರೆ ಒಣಗಿತ್ತು.

"ನಾನು ಬ್ಯಾಂಡಿನವನು ತಾಯಿ" ಅಂದೆ.

"ಗೊತ್ತು. ಹೇಳ್ತಿದ್ರು."

"ಆ ಹಾಡು ಇಲ್ಲಿ ನುಡಿಸಿ ಅಂತ ನಿಮ್ಮ ಮಾವ ಕೇಳಿದಾರೆ. ನಿಮ್ಮಪ್ಪ ಬೇಡ ಅಂತಾರೆ."

"ನೀವೇನಂತೀರ?"

"ನಾನು ನಿನ್ನನ್ನ ಕೇಳೋಕೆ ಬಂದೆ."

ಅವಳು ತಲೆಯೆತ್ತಿ ಚಪ್ಪರ ನೋಡಿದಳು. ದೂರದಲ್ಲಿ ತಮಟೆ ನಿಂತಿತ್ತು, ಯಾರೋ ಗಟ್ಟಿಯಾಗಿ ಅಳುತ್ತಿದ್ದುದು ಮಾತ್ರ ಕೇಳಿಸುತ್ತಿತ್ತು.

"ಅದು ಸಾವಿನ ವಾದ್ಯ ಅಲ್ವಲ್ಲ" ಅಂದಳು. "ಮದ್ವೆದು. ಈ ಚಪ್ಪರಕ್ಕೆ ಅಂತಾನೇ ಕಲಿಸಿದ್ದು. ಬರ್ಲಿ."

"ಜನ ಏನಂತಾರೆ ಗೊತ್ತೇನಮ್ಮಾ?" ಅಂದರು ಅವಳ ಅಪ್ಪ. ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು.

"ಅಂದಾಯ್ತಲ್ಲಪ್ಪಾ. ಬೆಳಗಿಂದ ನನಗೂ ಕೇಳಿಸ್ತಿದೆ."

ಅವರು ಚಪ್ಪರದ ಕಂಬ ಹಿಡಿದು ಕೆಳಗೆ ಕೂತರು. ನಾನು ವಾಪಸು ಓಡಿದೆ. ತಮಟೆಯವರಿಗೆ ಆ ಮನೆ ದಾಟುವವರೆಗೆ ಬಾರಿಸಬೇಡಿ ಎಂದೆ, ಒಪ್ಪಿದರು. ಹುಡುಗನ ಅಪ್ಪನಿಗೆ ನಾನು ಏನೂ ಹೇಳಲಿಲ್ಲ.

ಚಟ್ಟ ಆ ಮನೆಯ ಮುಂದೆ ಬಂದು ನಿಂತಿತು. ಬಾಯಿ ಒಣಗಿ ರೀಡ್ ನಾಲಿಗೆಗೆ ಅಂಟುತ್ತಿತ್ತು. ಒದ್ದೆ ಮಾಡಿಕೊಂಡು ಕ್ಲಾರಿನೆಟ್ ಎತ್ತಿದೆ. ಹುಡುಗ ತಿದ್ದಿ ತಿದ್ದಿ ಕೂರಿಸಿದ್ದ ವೇಗದಲ್ಲಿ ನುಡಿಸಬೇಕೆಂದೇ ಇದ್ದೆ. ಆದರೆ ಮೊದಲ ಸ್ವರ ಬಂದಾಗಲೇ ಬೆರಳು ಹಳೆಯ ಜಾಗಕ್ಕೆ ಹೋಗಿತ್ತು, ಅರ್ಧ ಸ್ವರ ಕೆಳಗೆ. ಡ್ರಮ್ಮಿನವನು ನನ್ನ ಕಡೆ ನೋಡಿ ಅದೇ ನಿಧಾನಕ್ಕೆ ಇಳಿದ. ಯೂಫೋನಿಯಂ, ಟ್ರಂಪೆಟ್ಟು ಕೂಡ. ಕೆಂಪು ಬಲ್ಬಿನ ಕೆಳಗೆ ಕಲಿತ ಆ ಹಾಡನ್ನೇ ನುಡಿಸಿದೆವು. ಗಿಲಕಿಯ ಚರ್ ಚರ್ ಬರಬೇಕಾದ ಕಡೆಗಳಲ್ಲಿ ಯಾರೂ ಏನೂ ಮಾಡಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟೆವು.

ಕೊನೆಯ ಸಾಲಿಗೆ ಬಂದೆವು. ಮತ್ತೆ ನುಡಿಸಿದೆವು. ಮತ್ತೆ. ಆಗ ನನಗೆ ಹೊಳೆಯಿತು, ಇದನ್ನು ನಿಲ್ಲಿಸಲು ನಮಗೆ ಯಾರೂ ಇಲ್ಲ. ಕೇಳಿದವನು ಚಟ್ಟದ ಮೇಲೆ ಮಲಗಿದ್ದ. ಅವನ ಅಪ್ಪನ ಕಡೆ ನೋಡಿದೆ, ಅವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಮೇಷ್ಟ್ರು ನಾನು, ನಾನೇ ನಿಲ್ಲಿಸಬಹುದಿತ್ತು. ಮನಸ್ಸು ಬರಲಿಲ್ಲ. ತುಟಿ ಒಡೆದು ರಕ್ತದ ಉಪ್ಪು ನಾಲಿಗೆಗೆ ಹತ್ತಿತು. ಡ್ರಮ್ಮಿನವನ ಕಣ್ಣಿಂದ ನೀರು ಹರಿಯುತ್ತಿತ್ತು, ಕೈ ಮಾತ್ರ ತಾಳ ಬಿಡಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಹೆಗಲು ಕೊಟ್ಟವರು ಭಾರಕ್ಕೆ ಕಾಲು ಬದಲಿಸಿದರು.

ಹುಡುಗಿ ಹೊಸಿಲು ದಾಟಿದಳು. ಚಪ್ಪರದ ಕೆಳಗೆ ನಡೆದು, ಕೂತಿದ್ದ ಅಪ್ಪನ ಪಕ್ಕದಿಂದ ಹಾದು, ನೆರಳು ಮುಗಿಯುವ ಅಂಚಿಗೆ ಬಂದು ನಿಂತಳು. ಊರೆಲ್ಲ ಅವಳನ್ನು ನೋಡುತ್ತಿತ್ತು. ಅವಳು ನೋಡುತ್ತಿದ್ದುದು ಬಾಸಿಂಗ ಕಟ್ಟಿದ ಆ ಮುಖವನ್ನು. ಒಂದು ಸಾಲು ಪೂರ್ತಿ ಕೇಳಿದಳು, ಇನ್ನೊಂದು ಸಾಲು ಕೇಳಿದಳು. ಆಮೇಲೆ ಬಲಗೈ ಎತ್ತಿದಳು.

ನಾವು ನಿಲ್ಲಿಸಿದೆವು. ಚಟ್ಟ ಮುಂದೆ ಹೊರಟಿತು. ಅದು ತಾವರೆಕೆರೆಯ ತಿರುವು ದಾಟುವವರೆಗೂ ಅವಳು ಎತ್ತಿದ ಕೈ ಇಳಿಸಲಿಲ್ಲ.